ಟ್ರೀಟ್‌ಮೆಂಟ್ ನಡುವೆ ಒಂದು ಕೆಲಸ ಕೈಯಲ್ಲಿ ಇಟ್ಟುಕೊಳ್ಳುವುದು ಹೇಗೆ

ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: "ಏನೂ ಮಾಡಬೇಡಿ, ಸುಮ್ನೆ ರೆಸ್ಟ್ ತಗೊಳ್ಳಿ." ಪ್ರೀತಿಯಿಂದಲೇ ಹೇಳುತ್ತಾರೆ, ಬಿಡಿ. ಆದರೆ ದಿನವಿಡೀ ಮಾತ್ರೆ ನುಂಗಿ, ಟೆಸ್ಟಿಗೆ ರಕ್ತ ಕೊಟ್ಟು, ಊಟ ಆಯ್ತಾ ಅಂತ ಕೇಳಿಸಿಕೊಂಡು ಮಲಗಿದ್ದರೆ ಕೆಲವೇ ದಿನಗಳಲ್ಲಿ ನಾವು ಬರೀ ಪೇಷೆಂಟ್ ಆಗಿಬಿಡುತ್ತೇವೆ. ನನಗೆ ಹಾಗೇ ಆಯಿತು. ಬದುಕಿನ ಅರ್ಥ ಏನು ಅಂತ ಯೋಚಿಸುತ್ತಾ ಮಲಗಿದಷ್ಟೂ ಬೇಜಾರು ಜಾಸ್ತಿಯಾಯಿತು. ನಾನು ಮಾಡದಿದ್ದರೆ ನಿಂತುಹೋಗುವಂಥ ಒಂದು ಪುಟ್ಟ ಕೆಲಸ ಸಿಕ್ಕಿದ ಮೇಲೆ ಬೆಳಿಗ್ಗೆ ಏಳಬೇಕು ಅನಿಸಿತು.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಒಂದು ಕೀಮೋ ಸೈಕಲ್ ಪೂರ್ತಿ, ಅಂದರೆ ಒಂದು ಸಲ ಔಷಧಿ ಕೊಡಲು ಶುರು ಮಾಡಿದ ದಿನದಿಂದ ಮುಂದಿನ ಸಲದವರೆಗೆ, ಬೆಳಿಗ್ಗೆ ಮತ್ತು ಸಂಜೆ, ಮೈಯಲ್ಲಿ ಎಷ್ಟು ಶಕ್ತಿ ಇದೆ ಅಂತ 10ಕ್ಕೆ ಮಾರ್ಕ್ಸ್ ಹಾಕಿ. ಸೈಕಲ್ ಸಾಮಾನ್ಯವಾಗಿ 14 ಅಥವಾ 21 ದಿನದ್ದು. ವಾಂತಿ ತಡೆಯಲು ಸ್ಟೀರಾಯ್ಡ್ ಕೊಟ್ಟಿದ್ದರೆ ಮೊದಲ ಒಂದೆರಡು ದಿನ ಗುಡ್ಡ ಕಿತ್ತಿಡುವ ಹುಮ್ಮಸ್ಸು ಬರಬಹುದು. ಅದನ್ನು ನಂಬಿ ಯಾರಿಗೂ ಮಾತು ಕೊಡಬೇಡಿ! ಅದು ಇಳಿದ ಮೇಲೆ ಹಲ್ಲುಜ್ಜುವುದೂ ದೊಡ್ಡ ಕೆಲಸ ಅನಿಸುತ್ತದೆ. ಹಲವು ಔಷಧಿಗಳಲ್ಲಿ 7ರಿಂದ 14ನೇ ದಿನದ ಸುಮಾರಿಗೆ ಬಿಳಿ ರಕ್ತಕಣ ತೀರಾ ಕಮ್ಮಿ ಇರುತ್ತದೆ, ಸೋಂಕು ಬೇಗ ತಗಲುತ್ತದೆ, ಹಾಗಾಗಿ ಜನ ಸೇರುವ ಕೆಲಸ ಆಗ ಬೇಡ. ರೇಡಿಯೇಷನ್ ಲೆಕ್ಕ ಬೇರೆ. ಅಲ್ಲಿ ಸುಸ್ತು ವಾರದಿಂದ ವಾರಕ್ಕೆ ಏರುತ್ತಾ ಹೋಗಿ, ಮುಗಿದ ಮೇಲೂ ಕೆಲವು ವಾರ ಉಳಿಯುತ್ತದೆ.

ಆಮೇಲೆ ಕೆಲಸ ಆರಿಸಿ. ಒಂದೇ ಒಂದು. ಸಂಬಳದ್ದೇ ಆಗಬೇಕಿಲ್ಲ, ಮಗುವಿನ ಹೋಂವರ್ಕ್ ನೋಡುವುದೂ ಆದೀತು. ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದಕ್ಕಾಗಿ ಯಾರಾದರೂ ಕಾಯುತ್ತಾರಾ? ನಾನು ಆಫೀಸಿನ ಉಳಿದ ಕೆಲಸವನ್ನೆಲ್ಲ ಬಿಟ್ಟು, ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಬರೆಯುವ ಪತ್ರಗಳನ್ನು ತಿದ್ದುವುದನ್ನು ಮಾತ್ರ ಇಟ್ಟುಕೊಂಡೆ. "ಮೇಡಂ, ನೋಡಿದ್ರಾ?" ಅಂತ ಅವಳ ಮೆಸೇಜ್ ಬರುತ್ತಿತ್ತು. ಹುಷಾರಾಗಿದ್ದೀರಾ ಅಂತ ಕೇಳದ ಏಕೈಕ ಮೆಸೇಜ್ ಅದು. ಎಷ್ಟು ಹಿತ ಅನಿಸುತ್ತಿತ್ತು ಗೊತ್ತಾ!

ಹೊತ್ತು ಚಿಕ್ಕದಾಗಿರಲಿ. ನನ್ನದು 25 ನಿಮಿಷ. ಸುಸ್ತಾದ ಮೇಲೆ ನಿಲ್ಲಿಸಿದರೆ ತಡವಾಯಿತು ಅಂತಲೇ ಅರ್ಥ, ಇನ್ನೂ ಸ್ವಲ್ಪ ಮಾಡಬಹುದು ಅನಿಸುವಾಗಲೇ ಎದ್ದುಬಿಡಿ, ಏಳುವ ಮುಂಚೆ ಮುಂದೆ ಏನು ಮಾಡಬೇಕು ಅಂತ ಒಂದು ಸಾಲು ಬರೆದಿಡಿ, ಯಾಕಂದ್ರೆ ಕೀಮೋ ಸಮಯದಲ್ಲಿ ಮರೆವು ತುಂಬಾ ಜನರಿಗೆ ಬರುತ್ತದೆ. ಬಾಯಿಗೆ ಬಂದ ಪದ ಹಾಗೇ ಮಾಯ. ನಾನೊಮ್ಮೆ ಒಂದೇ ಪತ್ರವನ್ನು ಎರಡು ದಿನ ಎರಡು ರೀತಿ ತಿದ್ದಿ ಕಳಿಸಿ, ಪಾಪ, ಅವಳನ್ನು ಪೇಚಿಗೆ ಸಿಲುಕಿಸಿದ್ದೆ. ದುಡ್ಡಿನ ಲೆಕ್ಕ, ಔಷಧಿ ಲೆಕ್ಕ ಇದ್ದರಂತೂ ಇನ್ನೊಬ್ಬರ ಕೈಲಿ ಚೆಕ್ ಮಾಡಿಸಿ. ಕೆಲವು ಔಷಧಿಗಳಿಂದ ಬೆರಳ ತುದಿ ಜೋಮು ಹಿಡಿಯುತ್ತದೆ. ನನಗೆ ಬಟನ್ ಹಾಕಲೂ ಆಗುತ್ತಿರಲಿಲ್ಲ, ಟೈಪಿಂಗ್ ದೂರದ ಮಾತು. ಫೋನಿಗೆ ಮಾತಾಡಿ ಬರೆಸಿದೆ. ಡಾಕ್ಟರಿಗೂ ಈ ಜೋಮಿನ ವಿಷಯ ಹೇಳಿ, ಬೇಕಾದರೆ ಡೋಸ್ ಬದಲಿಸುತ್ತಾರೆ.

ಆಫೀಸಿನಲ್ಲಿ ಪೂರ್ತಿ ಕಥೆ ಹೇಳಬೇಕಿಲ್ಲ. "ಈ ವಾರ ಆಗಲ್ಲ, ಮುಂದಿನ ಬುಧವಾರ ಬೆಳಿಗ್ಗೆ ನೋಡ್ತೀನಿ, ಅರ್ಜೆಂಟ್ ಇದ್ದರೆ ಇಂಥವರನ್ನು ಕೇಳಿ" ಅಂದರೆ ಸಾಕು. ಆ 'ಇಂಥವರು' ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಎಲ್ಲ ಬಿಟ್ಟು ಆಸ್ಪತ್ರೆಗೆ ಫೋನ್ ಮಾಡಿ, ನಡುರಾತ್ರಿಯಾದರೂ ಸರಿ. ಕೀಮೋ ನಡೆಯುವಾಗ ಅದು ಎಮರ್ಜೆನ್ಸಿ. ಸುಸ್ತು ಇದ್ದಕ್ಕಿದ್ದಂತೆ ಜಾಸ್ತಿಯಾದರೂ ತಡೆದುಕೊಂಡು ಕೂರಬೇಡಿ, ಹಿಮೋಗ್ಲೋಬಿನ್ ಕಮ್ಮಿಯಾಗಿರಬಹುದು. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದನ್ನೂ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ಇನ್ನೊಂದು ವಿಚಿತ್ರ, ಮಾಮೂಲಿ ಸುಸ್ತಿಗೆ ಮಲಗುವುದಕ್ಕಿಂತ ಸ್ವಲ್ಪ ನಡೆದಾಡುವುದೇ ಹೆಚ್ಚು ಸಹಾಯ ಮಾಡುತ್ತದೆ. ನನಗೆ ಮನೆಯೊಳಗೆ ಹತ್ತು ನಿಮಿಷ ಸಾಕಾಗಿತ್ತು.

ಏನೂ ಆಗದ ದಿನಗಳು ಬಂದೇ ಬರುತ್ತವೆ. ಆಗ "ಪಾಸಿಟಿವ್ ಆಗಿರಿ" ಅನ್ನುವವರ ಫೋನ್ ಎತ್ತದಿದ್ದರೂ ನಡೆಯುತ್ತದೆ ಅಂತ ನನ್ನ ಅಭಿಪ್ರಾಯ. ನಾನು ಪ್ರತಿ ಕೀಮೋ ಹಿಂದಿನ ರಾತ್ರಿ ಫೈಲ್ ಮೇಲೆ ಒಂದು ಚೀಟಿ ಅಂಟಿಸಿಡುತ್ತಿದ್ದೆ: "ಮೂರನೇ ಪತ್ರ, ಎರಡನೇ ಪ್ಯಾರಾದಿಂದ." ಆರು ದಿನವಾದ ಮೇಲೋ ಎಂಟು ದಿನವಾದ ಮೇಲೋ ಎದ್ದು ಕೂತಾಗ ಯೋಚಿಸುವ ಗೋಜೇ ಇರುತ್ತಿರಲಿಲ್ಲ, ಅಲ್ಲಿಂದಲೇ ಶುರು.