ಎಲ್ಲರಿಗೂ ಎಟಕುವ ವೆಬ್‌ಸೈಟ್: ಮೌಸ್ ಬದಿಗಿಟ್ಟು ಶುರುಮಾಡಿ

ಪರೀಕ್ಷೆಯ ಅರ್ಜಿ, ಕರೆಂಟ್ ಬಿಲ್, ಬ್ಯಾಂಕ್ ಖಾತೆ ಎಲ್ಲವೂ ಈಗ ವೆಬ್‌ನಲ್ಲಿವೆ. ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ ಆ ಪುಟ ಬಳಸಲು ಬರದಿದ್ದರೆ ತಮ್ಮ ಪಾಸ್‌ವರ್ಡ್ ಅನ್ನು ಇನ್ನೊಬ್ಬರಿಗೆ ಹೇಳಿ ಕೆಲಸ ಮಾಡಿಸಿಕೊಳ್ಳಬೇಕು. ಇದು ಅನ್ಯಾಯ. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲೇ ಹೇಳಿದೆ. ಪುಟ ಎಲ್ಲರಿಗೂ ಎಟಕುತ್ತದೆಯೇ ಎಂದು ಪರೀಕ್ಷಿಸುವುದನ್ನು ಕಲಿಯಲು ದುಬಾರಿ ಕೋರ್ಸ್ ಬೇಕಿಲ್ಲ. ನೀವು ಮಾಡಿದ ಒಂದು ಕನ್ನಡ ಪುಟ ತೆರೆಯಿರಿ. ಅದರಲ್ಲಿ ಅರ್ಜಿ ಫಾರಂ ಇದ್ದರೆ ಇನ್ನೂ ಒಳ್ಳೆಯದು.

1. ಬರೀ ಕೀಬೋರ್ಡ್

ಮೌಸ್ ಮುಟ್ಟಬೇಡಿ. ಟ್ಯಾಬ್ ಒತ್ತುತ್ತಾ ಹೋಗಿ, ಹಿಂದೆ ಬರಲು ಶಿಫ್ಟ್ ಜತೆ ಟ್ಯಾಬ್. ಈಗ ಎಲ್ಲಿದ್ದೀರಿ ಎಂದು ತೋರಿಸುವ ಗೆರೆ ಪ್ರತಿ ಹೆಜ್ಜೆಗೂ ಕಾಣಬೇಕು. ಚೆಂದಕ್ಕೆಂದು ಡಿಸೈನರ್‌ಗಳು ಮೊದಲು ಅಳಿಸುವುದು ಈ ಗೆರೆಯನ್ನೇ. ದಯವಿಟ್ಟು ಅಳಿಸಬೇಡಿ. ಮೆನು ತೆರೆಯುವುದು, ಫಾರಂ ತುಂಬುವುದು, ಕಳಿಸುವುದು ಎಲ್ಲವೂ ಹೀಗೇ ಆಗಬೇಕು. ಬಟನ್‌ಗೆ ಎಚ್‌ಟಿಎಂಎಲ್‌ನ (ವೆಬ್ ಪುಟ ಬರೆಯುವ ಭಾಷೆ) ಬಟನ್ ಟ್ಯಾಗನ್ನೇ ಬಳಸಿದ್ದರೆ ಅರ್ಧ ಕೆಲಸ ತಾನಾಗಿ ಮುಗಿದಿರುತ್ತದೆ.

2. ಕಿವಿಯಿಂದ ಓದಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ವಿಂಡೋಸ್‌ಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಪ್ರೋಗ್ರಾಮರ್‌ಗಳು ಕಟ್ಟಿದ್ದು. ಅದರ ಜತೆಗೇ ಬರುವ ಇ-ಸ್ಪೀಕ್ ದನಿ ಕನ್ನಡ ಓದುತ್ತದೆ. ದನಿ ಸ್ವಲ್ಪ ಒರಟು, ಕಿವಿಗೆ ಒಗ್ಗಲು ಸಮಯ ಬೇಕು. ಎಚ್ ಕೀಲಿ ಒತ್ತಿದರೆ ಮುಂದಿನ ತಲೆಬರಹಕ್ಕೆ ಹಾರುತ್ತದೆ. ಹಾರದಿದ್ದರೆ ನಿಮ್ಮ ತಲೆಬರಹ ಸುಮ್ನೆ ದಪ್ಪ ಮಾಡಿದ ಅಕ್ಷರ, ನಿಜವಾದ ಹೆಡಿಂಗ್ ಟ್ಯಾಗ್ ಅಲ್ಲ. ಎಫ್ ಒತ್ತಿ ಫಾರಂನ ಖಾನೆಗಳಿಗೆ ಹೋಗಿ. ‘ಹುಟ್ಟಿದ ದಿನಾಂಕ’ ಎಂದು ಕೇಳಿಸಬೇಕು. ಬರೀ ‘ಎಡಿಟ್’ ಎಂದರೆ ಆ ಖಾನೆಗೆ ಲೇಬಲ್ ಜೋಡಿಸಿಲ್ಲ.

ಕನ್ನಡ ಪುಟಗಳದ್ದೇ ಮೂರು ತೊಂದರೆಗಳಿವೆ. ಪುಟದ ಕೋಡ್‌ನಲ್ಲಿ ಭಾಷೆ ‘ಕೆಎನ್’ (kn, ಅಂದರೆ ಕನ್ನಡ) ಎಂದಿರಬೇಕು. ಟೆಂಪ್ಲೇಟ್ ಜತೆ ಬಂದ ‘ಇಎನ್’ (en, ಅಂದರೆ ಇಂಗ್ಲಿಷ್) ಹಾಗೇ ಉಳಿದರೆ ಕನ್ನಡ ಸಾಲನ್ನು ಇಂಗ್ಲಿಷ್ ದನಿ ಓದಲು ಹೋಗಿ ಎಡವಬಹುದು. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನ ಬರಹ ಕಣ್ಣಿಗೆ ಕನ್ನಡ, ಕಿವಿಗೆ ಅರ್ಥವಿಲ್ಲದ ಸದ್ದು. ಮೂರನೆಯದು ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುವ ಅಭ್ಯಾಸ. ಚಿತ್ರದೊಳಗಿನ ಕೊನೆಯ ದಿನಾಂಕ ಸ್ಕ್ರೀನ್ ರೀಡರ್‌ಗೆ ಸಿಗುವುದಿಲ್ಲ. ಅದನ್ನು ಪಠ್ಯವಾಗಿಯೂ ಟೈಪ್ ಮಾಡಿ. ನನ್ನ ಪ್ರಕಾರ ಈ ಮೂರನ್ನು ಸರಿಪಡಿಸಿದರೇ ಕನ್ನಡ ವೆಬ್ ಎಷ್ಟೋ ಜನರಿಗೆ ತೆರೆದುಕೊಳ್ಳುತ್ತದೆ.

3. ಬಣ್ಣ, ಗಾತ್ರ

ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬಣ್ಣದ ಅಂತರ (ಕಾಂಟ್ರಾಸ್ಟ್) ಇರಬೇಕು ಎನ್ನುತ್ತದೆ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ. ಬಿಳಿಯ ಮೇಲೆ 777777 ಎಂಬ ಕೋಡ್‌ನ ಬೂದು ಬಣ್ಣ 4.48ಕ್ಕೆ ನಿಂತು ಫೇಲ್ ಆಗುತ್ತದೆ, 767676 ಪಾಸಾಗುತ್ತದೆ. ಆಮೇಲೆ ಪುಟವನ್ನು 200 ಪರ್ಸೆಂಟ್‌ಗೆ ಹಿಗ್ಗಿಸಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿದರೆ ಸಾಲುಗಳ ನಡುವಿನ ಜಾಗ ಹೆಚ್ಚಿಸಿ. ತಪ್ಪು ತುಂಬಿದ ಖಾನೆಯನ್ನು ಬರೀ ಕೆಂಪು ಮಾಡಿದರೆ ಸಾಲದು, ಏನು ತಪ್ಪು ಎಂದೂ ಬರೆಯಿರಿ. ವಿಡಿಯೊ ಇದ್ದರೆ ಮಾತುಗಳು ಅಕ್ಷರದಲ್ಲಿಯೂ ಬರಲಿ.

4. ಯಂತ್ರದ ಪರೀಕ್ಷೆ, ಆಮೇಲೆ ಮನುಷ್ಯರದ್ದು

ವೇವ್, ಆಕ್ಸ್, ಲೈಟ್‌ಹೌಸ್‌ನಂಥ ಟೂಲ್‌ಗಳು ಬೇಗ ತಪ್ಪು ಹುಡುಕುತ್ತವೆ. ಆದರೆ ಲೈಟ್‌ಹೌಸ್ 100 ಅಂಕ ಕೊಟ್ಟಿತೆಂದು ನೆಮ್ಮದಿಯಾಗಬೇಡಿ. ಚಿತ್ರಕ್ಕೆ ವಿವರಣೆ ಇದೆಯೇ ಎಂದಷ್ಟೇ ಟೂಲ್ ನೋಡುತ್ತದೆ, ಆ ವಿವರಣೆ ಸರಿಯಿದೆಯೇ ಎಂದು ಅದಕ್ಕೆ ತಿಳಿಯದು.

ಕೊನೆಗೆ ದಿನವೂ ಸ್ಕ್ರೀನ್ ರೀಡರ್ ಬಳಸುವವರನ್ನು ಕರೆದು ಒಂದು ಕೆಲಸ ಕೊಡಿ: ‘ಈ ಅರ್ಜಿ ತುಂಬಿ ಕಳಿಸಿ’. ಅವರ ಸಮಯಕ್ಕೆ ಹಣ ಕೊಡಿ, ಇದು ಉಪಕಾರ ಕೇಳುವ ವಿಷಯ ಅಲ್ಲ, ಅಲ್ವಾ? ಅವರು ತಡವರಿಸಿದ ಕೂಡಲೇ ಹೇಳಿಕೊಡಲು ಹೋಗಬೇಡಿ. ಎಲ್ಲಿ ನಿಂತರು, ಆಗ ಏನು ಕೇಳಿಸಿತು ಎಂದು ಬರೆದುಕೊಳ್ಳಿ. ಮರುದಿನ ತಿದ್ದಲು ಕೂತಾಗ ಆ ಪಟ್ಟಿಯಿಂದಲೇ ಶುರುಮಾಡಿ.