ಹೊರದೇಶದ ಫೋಟೋ ಸ್ಪರ್ಧೆಗೆ ಕಳಿಸುವ ಮುಂಚೆ ರಾ ಫೈಲ್ ಎತ್ತಿಡಿ

ಶಿರಾದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್ ಫೋಟೋ, ಇದೇ ಹೊಟ್ಟೆಪಾಡು. ಬಿಡುವು ಸಿಕ್ಕಾಗ ಹತ್ತಿರದ ಕಗ್ಗಲಡು ಊರಿಗೆ ಹೋಗಿ ಬಣ್ಣದ ಕೊಕ್ಕರೆಗಳ ಫೋಟೋ ತೆಗೆಯುತ್ತೇನೆ. ಕೆಲಸ ಕಲಿಯೋಕೆ ಬರುವ ಹುಡುಗರು ಕೇಳುವುದು ಒಂದೇ: "ಅಣ್ಣಾ, ಫಾರಿನ್ ಕಾಂಪಿಟಿಷನ್‌ಗೆ ಯಾವ ಕ್ಯಾಮೆರಾ ಬೇಕು?" ಕ್ಯಾಮೆರಾ ವಿಷಯ ಆಮೇಲೆ. ಮೊದಲು ರಾ ಫೈಲ್, ಅಂದ್ರೆ ಕ್ಯಾಮೆರಾದಿಂದ ಬಂದ ಎಡಿಟ್ ಮಾಡದ ಮೂಲ ಫೈಲ್, ಜೋಪಾನ ಮಾಡುವುದನ್ನು ಕಲಿಯಿರಿ. ಚಿತ್ರ ನಿಜವಾ ಅಂತ ನೋಡಲು ಸ್ಪರ್ಧೆಯವರು ಅದನ್ನೇ ಕೇಳೋದು.

ಮದುವೆ ಕೆಲಸದಲ್ಲಿ ಆಲ್ಬಂ ಕೊಟ್ಟ ಮೇಲೆ ಎಲ್ಲ ಡಿಲೀಟ್ ಮಾಡಿ ಜಾಗ ಖಾಲಿ ಮಾಡ್ತೀವಿ. ಸ್ಪರ್ಧೆಗೆ ಈ ಅಭ್ಯಾಸ ನಡೆಯಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್‌ನಲ್ಲಿ 2017ರಲ್ಲಿ ಒಂದು ಇರುವೆಭಕ್ಷಕದ ಚಿತ್ರಕ್ಕೆ ಬಹುಮಾನ ಬಂತು. ಮರುವರ್ಷ ಅದನ್ನು ವಾಪಸ್ ತಗೊಂಡರು. ಅದು ಹುಲ್ಲು ತುಂಬಿದ ಸತ್ತ ಪ್ರಾಣಿ ಅನ್ನುವುದು ಪರಿಣತರ ತೀರ್ಮಾನ. ಛಾಯಾಗ್ರಾಹಕ ಆರೋಪ ಒಪ್ಪಲಿಲ್ಲ. ಆದರೆ ಅದೇ ಪ್ರಾಣಿ ಇರುವ ಇನ್ನೊಂದು ಫ್ರೇಮ್ ತೋರಿಸಲೂ ಆಗಲಿಲ್ಲ. ಹಾಗಾಗಿ ಒಳ್ಳೆಯ ಫ್ರೇಮ್ ಒಂದನ್ನೇ ಅಲ್ಲ, ಅದರ ಹಿಂದಿನ ಮುಂದಿನವನ್ನೂ ಇಟ್ಟುಕೊಳ್ಳಿ. ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಡಿ.

ಆಮ್‌ಸ್ಟರ್‌ಡ್ಯಾಮ್‌ನ ವರ್ಲ್ಡ್ ಪ್ರೆಸ್ ಫೋಟೋ 1955ರಿಂದ ನಡೀತಿದೆ. 2015ರಲ್ಲಿ ಅಲ್ಲಿ ಕೊನೆಯ ಸುತ್ತಿಗಿಂತ ಹಿಂದಿನ ಸುತ್ತಿಗೆ ಬಂದಿದ್ದ ಚಿತ್ರಗಳಲ್ಲಿ ಸುಮಾರು ಶೇಕಡಾ 20ರಷ್ಟು, ಮೂಲ ಫೈಲ್ ಜೊತೆ ಹೋಲಿಸಿದಾಗ ಹೊರಗೆ ಹೋದವು. ಅಷ್ಟು ದೂರ ಬಂದು, ಒಂದು ಮೂಲೆಯ ಕಸ ಅಳಿಸಿದ್ದಕ್ಕೆ ಸೋಲುವುದು ಅಂದ್ರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ನಮ್ಮ ಕಡೆ ಈ ತೊಂದರೆ ಜಾಸ್ತಿ. ಕಗ್ಗಲಡುವಿನಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದೇ ಊರಿನ ಹುಣಸೆ ಮರಗಳಲ್ಲಿ. ಕರೆಂಟ್ ವೈರು, ಮನೆ ಮಾಡು ಫ್ರೇಮಿಗೆ ಬಂದೇ ಬರುತ್ತವೆ. ಹುಡುಗರ ಕೈ ಸೀದಾ ಬೇಡದ್ದನ್ನು ಅಳಿಸುವ ಕ್ಲೋನ್ ಟೂಲ್‌ಗೆ ಹೋಗುತ್ತೆ. ಬೇಡ. ಸಲೂನ್‌ಗಳಲ್ಲಿ, ಅಂದ್ರೆ ಫೋಟೋ ಕ್ಲಬ್‌ಗಳಂಥವರು ನಡೆಸುವ ಸ್ಪರ್ಧೆಗಳಲ್ಲಿ, ನೇಚರ್ (ಪ್ರಕೃತಿ) ವಿಭಾಗದ ನಿಯಮದ ಪ್ರಕಾರ ಕ್ರಾಪ್ ಮಾಡಬಹುದು, ಏನನ್ನೂ ಅಳಿಸುವಂತಿಲ್ಲ, ಸೇರಿಸುವಂತಿಲ್ಲ. ಮನುಷ್ಯ ಮಾಡಿದ ವಸ್ತು ಚಿತ್ರದಲ್ಲಿ ಇರಬಾರದು ಅಂತಲೂ ಇದೆ. ಆದರೆ ಆ ಜೀವಿಯ ಕಥೆ ಹೇಳಲು ಅದು ಬೇಕೇ ಬೇಕು ಅಂದರೆ ವಿನಾಯ್ತಿ ಕೊಟ್ಟಿದ್ದಾರೆ. ಹಿಂದಿನ ನಿಯಮದಲ್ಲಂತೂ, ಜನರ ನಡುವೆ ಬದುಕಲು ಒಗ್ಗಿಕೊಂಡ ಜೀವಿಗೆ ಕೊಟ್ಟ ಉದಾಹರಣೆಯಲ್ಲೇ ಕೊಕ್ಕರೆ ಇತ್ತು! ಮಾಡಿನ ಮೇಲೆ ಬಾಗಿದ ಕೊಂಬೆ, ಅದರಲ್ಲಿ ಗೂಡು, ಬಾಯಿ ತೆರೆದ ಮರಿ. ಇದನ್ನು ಹಾಗೇ ಕಳಿಸಿ. ವೈರು ಅಳಿಸಿದ ಕೊಕ್ಕರೆ ಯಾವ ಊರಿನದಾದರೂ ಆಗಬಹುದು. ಇದು ಕಗ್ಗಲಡುವಿನದೇ. ಕೆಳಗೆ ಅಜ್ಜಿ ರಾಗಿ ಕೇರುತ್ತಿದ್ದರೆ ಮಾತ್ರ ಟ್ರಾವೆಲ್ ವಿಭಾಗಕ್ಕೆ ಹಾಕಿ.

ದುಡ್ಡಿನ ಮಾತು. ವರ್ಲ್ಡ್ ಪ್ರೆಸ್ ಫೋಟೋ, ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್, ದುಬೈನ ಹಿಪಾ (HIPA) ಫೋಟೋ ಪ್ರಶಸ್ತಿ, ಮೂರಕ್ಕೂ ಫೀಸ್ ಇಲ್ಲ. ಲಂಡನ್ನಿನದಕ್ಕೆ ದೊಡ್ಡವರಿಗೆ ಫೀಸ್ ಇದೆ, 17 ವರ್ಷದವರೆಗಿನ ಮಕ್ಕಳಿಗೆ ಉಚಿತ. ಶಾಲೆಗೆ ಹೋಗುವ ತಮ್ಮ, ತಂಗಿ ಕ್ಯಾಮೆರಾ ಹಿಡಿಯುತ್ತಿದ್ದರೆ ಅವರಿಂದ ಕಳಿಸಿ. ಸಲೂನ್‌ಗಳು ಸಾಮಾನ್ಯವಾಗಿ ವಿಭಾಗಕ್ಕೆ ಇಷ್ಟು ಅಂತ ತಗೊಳ್ತವೆ. ಹೆಸರು ಕೇಳದ ಸ್ಪರ್ಧೆಯವರು ತಮಗೆ ಫಿಯಾಪ್ (FIAP, ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ) ಮಾನ್ಯತೆ ಇದೆ ಅಂದರೆ, ಅವರ ಮಾನ್ಯತೆ ನಂಬರ್ ಫಿಯಾಪ್‌ನ ಸ್ವಂತ ಪಟ್ಟಿಯಲ್ಲಿದೆಯಾ ನೋಡಿ. ಚಿತ್ರದ ಎಲ್ಲ ಹಕ್ಕೂ ಸ್ಪರ್ಧೆ ನಡೆಸುವವರದೇ ಅಂತ ಬರೆದಿರುವ ಕಡೆ ಸುಮ್ನೆ ಬಿಟ್ಟುಬಿಡಿ.

ಅಪ್‌ಲೋಡ್ ಮಾಡುವಾಗ ಸ್ಟುಡಿಯೋ ಲೋಗೋ ತೆಗೆಯಿರಿ. ತೀರ್ಪುಗಾರರಿಗೆ ಯಾರ ಚಿತ್ರ ಅಂತ ಗೊತ್ತಾಗಬಾರದು. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕಲರ್ ಸೆಟ್ಟಿಂಗ್ ಎಸ್‌ಆರ್‌ಜಿಬಿ (sRGB) ಇರಲಿ. ಅಳತೆ ಒಂದೊಂದು ಕಡೆ ಒಂದೊಂದು, ಓದಿಯೇ ಮಾಡಿ. ಕ್ಯಾಪ್ಷನ್ ಕೇಳಿದರೆ ಊರು, ತಿಂಗಳು, ಹಕ್ಕಿ ಏನು ಮಾಡ್ತಿದೆ, ಇಷ್ಟು ಸಾಕು. ಆಮೇಲೆ ಸ್ಪ್ಯಾಮ್ ಫೋಲ್ಡರ್ ಮೇಲೂ ಒಂದು ಕಣ್ಣಿರಲಿ. ರಾ ಕೇಳುವ ಮೇಲ್ ಅಲ್ಲೇ ಬಿದ್ದಿರಬಹುದು. ಮದುವೆ ಸೀಸನ್ನಿನಲ್ಲೂ ಅದಕ್ಕೆ ಅದೇ ದಿನ ಉತ್ತರ ಕೊಡಿ.