ಮೊದಲು ಪ್ಲಿಯೇ, ಆಮೇಲೆ ಮಿಕ್ಕಿದ್ದು

ಪ್ಯಾರಿಸ್ ಆಗಲಿ, ಮಾಸ್ಕೋ ಆಗಲಿ, ಬ್ಯಾಲೆ ಕ್ಲಾಸಿನಲ್ಲಿ ಹೆಜ್ಜೆಗಳ ಹೆಸರು ಫ್ರೆಂಚಿನಲ್ಲೇ. ಇಟಲಿಯ ಅರಮನೆಗಳಲ್ಲಿ ಹುಟ್ಟಿದ ಕುಣಿತ ಇದು. ಆದರೆ ಫ್ರಾನ್ಸಿನ ದೊರೆ 14ನೇ ಲೂಯಿ 1661ರಲ್ಲಿ ಇದಕ್ಕೊಂದು ಅಕಾಡೆಮಿಯನ್ನೇ ಶುರು ಮಾಡಿದ, ಅವನ ನೃತ್ಯಗುರು ಪಿಯೆರ್ ಬೋಶಾಂ ಪಾದ ಇಡುವ ಐದು ಪೊಸಿಷನ್‌ಗಳನ್ನು ಗೊತ್ತುಮಾಡಿದ. ಹೆಸರು ಕೇಳಿ ಗಾಬರಿಯಾಗಬೇಡಿ. ಹೆಚ್ಚಿನವು ಕಾಲಿಗೆ ಏನು ಮಾಡಬೇಕು ಅಂತ ಸುಮ್ನೆ ಹೇಳುತ್ತವೆ, ಅಷ್ಟೇ.

ಗಟ್ಟಿ ಕುರ್ಚಿಯೊಂದರ ಬೆನ್ನು ಹಿಡಿದು ನಿಂತುಕೊಳ್ಳಿ. ಹಿಮ್ಮಡಿ ಎರಡೂ ಸೇರಲಿ, ಬೆರಳುಗಳು ಹೊರಗೆ ತಿರುಗಲಿ. ಇದು ಫಸ್ಟ್ ಪೊಸಿಷನ್. ತಿರುವು ಬರಬೇಕಾದ್ದು ಸೊಂಟದ ಕೀಲಿನಿಂದ. ಫೋಟೋದಲ್ಲಿ ಕಂಡಂತೆ ಪಾದ ನೇರ ಗೆರೆಯಾಗಲಿ ಅಂತ ಬಲವಂತ ಮಾಡಿದರೆ ಏಟು ಬೀಳುವುದು ಮಂಡಿಗೆ.

ಈಗ ಪ್ಲಿಯೇ, ಅಂದರೆ ಬಗ್ಗಿಸುವುದು. ಬೆನ್ನು ನೆಟ್ಟಗಿಟ್ಟು, ಹಿಮ್ಮಡಿ ನೆಲ ಬಿಡದಂತೆ, ಮಂಡಿ ಬೆರಳುಗಳ ಕಡೆಗೇ ಹೋಗುವ ಹಾಗೆ ಬಗ್ಗಿ. ಇದು ಡೆಮಿ ಪ್ಲಿಯೇ. ಭರತನಾಟ್ಯ ಕಲಿತವರಿಗೆ ಅರೆಮಂಡಿ ನೆನಪಾಗುತ್ತದೆ, ಅಲ್ವಾ? ವ್ಯತ್ಯಾಸವಿದೆ. ಅರೆಮಂಡಿಯಲ್ಲಿ ಕೂತೇ ಕುಣಿಯುತ್ತೀರಿ, ಇಲ್ಲಿ ಕೆಳಗೆ ನಿಲ್ಲುವ ಹಾಗಿಲ್ಲ, ಇಳಿದದ್ದು ಹಾಗೇ ಮೇಲೇಳಬೇಕು. ಪೂರ್ತಿ ಇಳಿದರೆ ಗ್ರಾಂ ಪ್ಲಿಯೇ. ಆಗ ಹಿಮ್ಮಡಿ ಏಳಬಹುದು, ಕಾಲು ಅಗಲಿಸಿ ನಿಲ್ಲುವ ಸೆಕೆಂಡ್ ಪೊಸಿಷನ್ ಬಿಟ್ಟು. ಬೇರೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಪ್ಲಿಯೇಗೇ ಕೊಡಿ. ಹಾರುವುದು, ಸುತ್ತುವುದು ಎಲ್ಲಾ ಇಲ್ಲಿಂದಲೇ ಹೊರಟು ಇಲ್ಲಿಗೇ ಬಂದು ಇಳಿಯುತ್ತವೆ.

ಮುಂದಿನದು ತಾಂದ್ಯೂ, ಚಾಚುವುದು. ಒಂದು ಪಾದವನ್ನು ನೆಲಕ್ಕೆ ಒತ್ತಿಕೊಂಡೇ ಮುಂದೆ ಸರಿಸಿ: ಮೊದಲು ಹಿಮ್ಮಡಿ ಏಳುತ್ತದೆ, ಆಮೇಲೆ ಅಂಗಾಲು, ಕೊನೆಗೆ ಬೆರಳ ತುದಿ ಮಾತ್ರ ನೆಲದಲ್ಲಿ. ವಾಪಸ್ ಬರುವಾಗ ಉಲ್ಟಾ. ಸರಿಯಾಗಿದೆಯೇ ಅಂತ ನೋಡಬೇಕೆ? ಮೈ ಒಂಚೂರೂ ವಾಲಿಸದೆ ಆ ಬೆರಳ ತುದಿಯನ್ನು ಎತ್ತಿ ನೋಡಿ. ಆಗಲಿಲ್ಲವೆಂದರೆ ಭಾರ ಚಾಚಿದ ಕಾಲಿಗೆ ಹೋಗಿದೆ. ಇದನ್ನೇ ಚುರುಕಾಗಿ ಮಾಡಿ ಪಾದ ನೆಲದಿಂದ ಸ್ವಲ್ಪ ಚಿಮ್ಮಿದರೆ ದೆಗಾಜೆ. ಲಂಡನ್‌ನ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್ ಪದ್ಧತಿಯವರು ಇದನ್ನು ಗ್ಲಿಸೇ ಅನ್ನುತ್ತಾರೆ, ರಷ್ಯನ್ ಪದ್ಧತಿಯವರು ಜೆತೇ. ಕ್ಲಾಸ್ ಬದಲಿಸಿದವರು ತಬ್ಬಿಬ್ಬಾಗುವುದು ಇಲ್ಲೇ.

ರೋಂ ದ ಜಾಂಬ್‌ನಲ್ಲಿ ಕಾಲು ಮುಂದಿನಿಂದ ಪಕ್ಕಕ್ಕೆ, ಪಕ್ಕದಿಂದ ಹಿಂದಕ್ಕೆ ಅರ್ಧ ವೃತ್ತ ಬರೆಯುತ್ತದೆ. ಸೊಂಟ ಅದರ ಜೊತೆ ತಿರುಗಬಾರದು. ರೆಲವೇ ಅಂದರೆ ಹಿಮ್ಮಡಿ ಎತ್ತಿ ಅಂಗಾಲಿನ ಮುಂಭಾಗದ ಮೇಲೆ ನಿಲ್ಲುವುದು.

ಇವಿಷ್ಟು ಕೂಡಿದರೆ ಪಿರೂಯೆಟ್. ಪ್ಲಿಯೇ ಮಾಡಿ, ರೆಲವೇಗೆ ಎದ್ದು, ಇನ್ನೊಂದು ಕಾಲಿನ ಬೆರಳನ್ನು ಮಂಡಿಗೆ ತಾಗಿಸಿ ಒಂದು ಸುತ್ತು. ಕಣ್ಣು ಎದುರಿನ ಒಂದು ಗುರುತಿನ ಮೇಲೇ ಇರಲಿ. ಮೈ ತಿರುಗುತ್ತಾ ಹೋಗಲಿ, ಇನ್ನು ತಡೆಯಲಾಗದು ಅನ್ನುವಾಗ ತಲೆಯನ್ನು ಫಟ್ಟನೆ ತಿರುಗಿಸಿ ಮತ್ತೆ ಅದೇ ಗುರುತು ಹಿಡಿಯಿರಿ, ಇಲ್ಲದಿದ್ದರೆ ತಲೆ ಸುತ್ತುತ್ತದೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ ‘ಸ್ವಾನ್ ಲೇಕ್’ ಬ್ಯಾಲೆಯಲ್ಲಿ ಒಂಟಿ ಕಾಲಿನ ಮೇಲೆ 32 ಫುಯೆತೇ, ಅಂದರೆ ಇನ್ನೊಂದು ಕಾಲನ್ನು ಚಾಟಿಯಂತೆ ಬೀಸುತ್ತಾ ಹಾಕುವ ಸುತ್ತುಗಳನ್ನು, ಸುತ್ತಿದಳು. ಫುಯೆತೇಯಲ್ಲಿ ಪ್ರತಿ ಸುತ್ತಿನ ನಡುವೆಯೂ ಹಿಮ್ಮಡಿ ಇಳಿಯುತ್ತದೆ, ಮಂಡಿ ಬಗ್ಗುತ್ತದೆ. ಅಲ್ಲೂ ಪ್ಲಿಯೇನೇ!

ಹಾರುವ ಹೆಜ್ಜೆಗಳನ್ನು ಮಾತ್ರ ಮನೆಯ ಟೈಲ್ಸ್ ಮೇಲೆ ಮಾಡಬೇಡಿ. ಡ್ಯಾನ್ಸ್ ಸ್ಟುಡಿಯೋದ ಮರದ ನೆಲ ಸ್ವಲ್ಪ ಪುಟಿಯುತ್ತದೆ, ಟೈಲ್ಸ್ ಪುಟಿಯುವುದಿಲ್ಲ. ಸಾಕ್ಸ್ ಹಾಕಿ ಸುತ್ತುವುದಂತೂ ಬೇಡವೇ ಬೇಡ.